ಪೆಟ್ಟಿಗೆಗೆ ದಾರಿ ಮಾಡ್ತಾರೆ, ಪೆಟ್ಟಿಗೆ ಹೊರೋನಿಗೆ?

ಹಾಸ್ಟೆಲ್ ಗೆಳೆಯರೇ,

ಮೊನ್ನೆ ಬೆಳಿಗ್ಗೆ ತುಮಕೂರು ರೈಲ್ವೆ ಸ್ಟೇಷನ್ನಿನ ಒಂದು ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದೆವು. ಇಬ್ಬರು ಪೇಟೆಯ ಹಿರಿಯರು. ಒಬ್ಬರ ಮಗ ಅಮೆರಿಕದಲ್ಲಿದ್ದಾನೆ. ಅವನನ್ನು ನೋಡಿಬಂದ ಕಥೆ ನಡೆದಿತ್ತು. "ಬೆಳಗಿನ ಜಾವದ ಪ್ಲೇನಿಗೆ ಹಿಂದಿನ ರಾತ್ರೀನೇ ಕಾರು ಮಾಡ್ಕೊಂಡು ಹೊರಡಬೇಕು ಕಣ್ರೀ. ಮಣಭಾರದ ಎರಡು ಪೆಟ್ಟಿಗೆ ಬೇರೆ. ಇಲ್ಲೇ ಸ್ಟೇಷನ್ನಲ್ಲೇ ಪೆಟ್ಟಿಗೆ ತೂಕ ಹಾಕಿ ಇಸ್ಕೊಂಡು ಚೀಟಿ ಕೊಟ್ಟುಬಿಟ್ರೆ ಎಷ್ಟು ಚೆನ್ನ! ನಾವು ಕೈಬೀಸ್ಕೊಂಡು ರೈಲು ಹತ್ತೋದು. ಹೊರದೇಶದಲ್ಲಿ ಹಂಗೇ ಮಾಡ್ತಾರೆ" ಅಂದರು. ಪಕ್ಕದವರು ಹೌದೌದು ಅಂತ ತಲೆ ಹಾಕಿದರು.

ಬೆಂಚಿನ ಆ ತುದಿಯಲ್ಲಿ ಗುಬ್ಬಿ ಕಡೆಯ ನಮ್ಮ ಹುಡುಗನೊಬ್ಬ ಕೂತಿದ್ದ. ಕೆಂಪಗೆ ಊದಿದ ಕಣ್ಣು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಒಗೆಯಬೇಕಾದ ಯೂನಿಫಾರಂ ಅಂಗಿ. ನಾಲ್ಕು ವರ್ಷದ ಹಿಂದೆ ಇದೇ ತುಮಕೂರಿನ ಹಾಸ್ಟೆಲಿನಲ್ಲಿ ಓದಿ ಬಿ.ಎ. ಮುಗಿಸಿದವನು. ಈಗ ಒಬ್ಬ ಗುತ್ತಿಗೆದಾರನ ಕೈಕೆಳಗೆ ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬುವ ಕೆಲಸ. ಅವರ ಮಾತು ಕೇಳಿಸಿಕೊಂಡು ನನ್ನ ಕಡೆ ತಿರುಗಿ ನಕ್ಕ. "ಯಣ್ಣ, ಅವರು ಪೆಟ್ಟಿಗೇನ ಇಲ್ಲಿ ಕೊಟ್ರೂ ಅಲ್ಲಿ ಎತ್ತಿ ಹಾಕೋನು ನಾನೇ ತಾನೆ? ಪೆಟ್ಟಿಗೆಗೆ ಇಲ್ಲಿಂದ ರೈಲು ಕೇಳ್ತಾವ್ರೆ. ನಂಗೆ ಯಾರು ಕೇಳ್ತಾರೆ?"

ಈ ಬರಹ ಅವನ ಆ ಒಂದು ಪ್ರಶ್ನೆಗೆ.

ಮೊದಲು ಈ ಚೆಕ್-ಇನ್ ಅನ್ನೋದು ಏನು ಅಂತ ತಿಳಿದುಕೊಳ್ಳೋಣ. ನಮ್ಮಲ್ಲಿ ಬಹಳ ಜನ ಇನ್ನೂ ವಿಮಾನ ಹತ್ತಿಲ್ಲ. ಇದರಲ್ಲಿ ನಾಚಿಕೆ ಪಡುವುದೇನೂ ಇಲ್ಲ. ವಿಮಾನಕ್ಕೆ ಹೋಗುವವನು ಕೌಂಟರಿನಲ್ಲಿ ಟಿಕೆಟ್ಟು, ಗುರುತಿನ ಚೀಟಿ ತೋರಿಸುತ್ತಾನೆ. ಪೆಟ್ಟಿಗೆ ತೂಗುತ್ತಾರೆ. ಅದಕ್ಕೊಂದು ಗೆರೆಗೆರೆಯ ಪಟ್ಟಿ ಅಂಟಿಸುತ್ತಾರೆ. ಅಲ್ಲಿಗೆ ಅವನ ಹೊರೆ ಇಳಿಯಿತು. ಪೆಟ್ಟಿಗೆ ಬೆಲ್ಟಿನ ಮೇಲೆ ಒಳಗೆ ಹೋಗುತ್ತೆ, ಎಕ್ಸ್‌ರೇ ಆಗುತ್ತೆ, ಯಾವ ವಿಮಾನದ್ದು ಅಂತ ಬೇರೆಬೇರೆ ಆಗುತ್ತೆ. ಇಷ್ಟನ್ನೂ ಯಂತ್ರವೇ ಮಾಡಬಹುದು. ಆದರೆ ಕೊನೆಗೆ ಅದನ್ನು ಗಾಡಿಗೆ ಎತ್ತಿ, ವಿಮಾನದ ಹೊಟ್ಟೆಯೊಳಕ್ಕೆ ಹೊಕ್ಕು ಸಾಲಾಗಿ ಜೋಡಿಸಲು ಮನುಷ್ಯನೇ ಬೇಕು. ನಮ್ಮ ದೇಶದೊಳಗೆ ಓಡಾಡುವ ಬಹುಪಾಲು ವಿಮಾನಗಳ ಆ ಹೊಟ್ಟೆಯಲ್ಲಿ ಆಳು ನೆಟ್ಟಗೆ ನಿಲ್ಲೋಕಾಗಲ್ಲ. ಮಂಡಿಯೂರಿ, ಬೆನ್ನು ಬಾಗಿಸಿ, ಒಂದೊಂದೇ ಪೆಟ್ಟಿಗೆ ತಳ್ಳಬೇಕು. ಮೇಲುಗಡೆ ಕಿಟಕಿ ಪಕ್ಕ ಕೂತವನಿಗೆ ಕೆಳಗಡೆ ಮಂಡಿಯೂರಿದವನು ಕಾಣೋದಿಲ್ಲ.

ಈ ಪೆಟ್ಟಿಗೆ ಇಸಿದುಕೊಳ್ಳುವ ಕೌಂಟರನ್ನು ಊರೊಳಗಿನ ರೈಲ್ವೆ ಸ್ಟೇಷನ್ನಿಗೇ ತರುವುದು ಹೊಸದೇನಲ್ಲ. ಹಾಂಕಾಂಗಿನಲ್ಲಿ 1998ರಲ್ಲಿ ಹೊಸ ವಿಮಾನ ನಿಲ್ದಾಣ ತೆರೆದಾಗಲೇ ಪೇಟೆಯ ರೈಲು ನಿಲ್ದಾಣಗಳಲ್ಲಿ ಇದನ್ನು ಮಾಡಿದರು. ಮಲೇಷಿಯಾದ ಕೌಲಾಲಂಪುರದಲ್ಲಿ 2002ರಲ್ಲಿ ಬಂತು. ನಮ್ಮ ದೇಶದಲ್ಲಿ ದೆಹಲಿಯ ಏರ್‌ಪೋರ್ಟ್ ಮೆಟ್ರೋ 2011ರ ಫೆಬ್ರವರಿಯಲ್ಲಿ ಶುರುವಾಯಿತು. ಅಲ್ಲಿ ನ್ಯೂಡೆಲ್ಲಿ ಮತ್ತು ಶಿವಾಜಿ ಸ್ಟೇಡಿಯಂ ನಿಲ್ದಾಣಗಳಲ್ಲಿ ಪೆಟ್ಟಿಗೆ ಕೊಡುವ ಏರ್ಪಾಡು ಮಾಡಿದರು. ಈಗಂತೂ ಬೋರ್ಡಿಂಗ್ ಪಾಸ್ ಮೊಬೈಲಿಗೇ ಬಂದು ಬೀಳುತ್ತೆ. ಅಂದ ಮೇಲೆ ಸ್ಟೇಷನ್ನಿನ ಕೌಂಟರಿಗೆ ಉಳಿದ ಕೆಲಸ ಒಂದೇ, ಹೊರೆ ಇಳಿಸಿಕೊಳ್ಳುವುದು.

ಹೊರೆಯ ಮಾತು ಬಂದಾಗ ನಾವು ಕಿವಿಗೊಡಬೇಕು ಗೆಳೆಯರೇ. ಹೊರೆ ಮಾಯವಾಗೋದಿಲ್ಲ. ಒಬ್ಬನ ತಲೆಯಿಂದ ಇಳಿದರೆ ಇನ್ನೊಬ್ಬನ ತಲೆಗೆ ಏರುತ್ತೆ. ಯಾರ ತಲೆಯಿಂದ ಯಾರ ತಲೆಗೆ ಅನ್ನೋದೇ ಈ ದೇಶದ ಚರಿತ್ರೆ.

ಈಗ ಬೆಂಗಳೂರಿನ ಕಥೆಗೆ ಬನ್ನಿ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. ಹಳೇ ಎಚ್.ಎ.ಎಲ್. ನಿಲ್ದಾಣದ ಪ್ರಯಾಣಿಕರ ವಿಮಾನವೆಲ್ಲ ಅಲ್ಲಿಗೆ ಹೋಯಿತು. ಪೇಟೆಯಿಂದ ಅಷ್ಟು ದೂರ ಜನ ಹೋಗೋದು ಹೇಗೆ? ಆ ಕಾಲದಲ್ಲೇ ದೊಡ್ಡದೊಂದು ಯೋಜನೆ ಹಾಕಿದರು. ಎಂ.ಜಿ. ರಸ್ತೆ ಕಡೆಯಿಂದ ನಿಲ್ದಾಣಕ್ಕೆ ಸುಮಾರು 34 ಕಿ.ಮೀ. ಹೈಸ್ಪೀಡ್ ರೈಲು. ಅರ್ಧ ಗಂಟೆಯೊಳಗೆ ಪ್ರಯಾಣ. ಪೇಟೆಯಲ್ಲೇ ಚೆಕ್-ಇನ್. ವರದಿ ಬರೆಸಿದರು, ನಕ್ಷೆ ಬರೆಸಿದರು. ಒಂದು ಮಾರು ಹಳಿಯೂ ಬೀಳಲಿಲ್ಲ. ಯೋಜನೆ ಫೈಲಿನಲ್ಲೇ ಸತ್ತಿತು.

ತಮಾಷೆ ಅಂದರೆ ಆ ವಿಮಾನ ನಿಲ್ದಾಣದ ಪಕ್ಕದಲ್ಲೇ ಒಂದು ರೈಲು ದಾರಿ ಮೊದಲಿನಿಂದಲೂ ಇತ್ತು. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಾದಿ. ಮಹಾರಾಜರ ಕಾಲದ ನ್ಯಾರೋಗೇಜು, ಆಮೇಲೆ ಬ್ರಾಡ್‌ಗೇಜ್ ಆಯಿತು. ಹಾಲಿನ ಕ್ಯಾನು, ತರಕಾರಿ ಮೂಟೆ, ಕೂಲಿ ಜನ ಹತ್ತುತ್ತಿದ್ದ ಹಾದಿ. ಕೋಟಿಗಟ್ಟಲೆಯ ಹೈಸ್ಪೀಡ್ ಕನಸು ಕಂಡವರ ಕಣ್ಣಿಗೆ ಈ ಬಡ ಹಾದಿ ಬೀಳಲಿಲ್ಲ. ಅಲ್ಲೊಂದು ಪ್ಲಾಟ್‌ಫಾರಂ ಕಟ್ಟಿ ರೈಲು ನಿಲ್ಲಿಸಲು ಹನ್ನೆರಡೂವರೆ ವರ್ಷ ಬೇಕಾಯಿತು. 2021ರ ಜನವರಿ 4ರಂದು ಕೆಂಪೇಗೌಡ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಶುರುವಾಯಿತು. ಟಿಕೆಟ್ ಹತ್ತು ಹದಿನೈದು ರೂಪಾಯಿ. ಸ್ಟೇಷನ್ನಿನಿಂದ ಟರ್ಮಿನಲ್ಲಿಗೆ ಬಸ್ಸು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲವೇ?

ಸರಿ, ಸ್ಟೇಷನ್ ಬಂತು. ಹಾಗಾದರೆ ನಮ್ಮ ಗುಬ್ಬಿ ಹುಡುಗ ಯಾಕೆ ಅದನ್ನು ಹತ್ತೋದಿಲ್ಲ? ಕೇಳಿದೆ. ಅವನು ಹೇಳಿದ್ದು ಇಷ್ಟು. ವಿಮಾನ ನಿಲ್ದಾಣ ಮಲಗೋದಿಲ್ಲ. ಅಲ್ಲಿಯ ಕೆಲಸ ಪಾಳಿಯ ಕೆಲಸ. ಒಂದು ಪಾಳಿ ಕೋಳಿ ಕೂಗುವ ಮೊದಲೇ ಶುರು, ಒಂದು ಪಾಳಿ ಊರೆಲ್ಲ ಮಲಗಿದ ಮೇಲೆ ಮುಗಿಯುತ್ತೆ. ಆ ಹಳಿಯ ಮೇಲೆ ದಿನಕ್ಕೆ ಓಡುವುದು ಬೆರಳೆಣಿಕೆಯ ರೈಲು. ಪಾಳಿಗೂ ರೈಲಿಗೂ ತಾಳೆಯಿಲ್ಲ. ರೈಲು ಬರುವಾಗ ಇವನು ವಿಮಾನದ ಹೊಟ್ಟೆಯಲ್ಲಿ ಮಂಡಿಯೂರಿರುತ್ತಾನೆ, ಇವನು ಹೊರಗೆ ಬಂದಾಗ ಹಳಿ ಬರಿದು. ಹಾಗಾಗಿ ಅವನು ನಿಲ್ದಾಣದಿಂದ ಹೆಬ್ಬಾಳಕ್ಕೆ ಒಂದು ಬಸ್ಸು, ಅಲ್ಲಿಂದ ಯಶವಂತಪುರಕ್ಕೆ ಇನ್ನೊಂದು ಬಸ್ಸು, ಯಶವಂತಪುರದಿಂದ ತುಮಕೂರಿಗೆ ರೈಲು, ತುಮಕೂರಲ್ಲಿ ಕೂತು ಕಾದು ಗುಬ್ಬಿಗೆ ಮತ್ತೊಂದು ರೈಲು. ಗುಬ್ಬಿಯಿಂದ ಹಳ್ಳಿಗೆ ಯಾರದಾದರೂ ಬೈಕಿನ ಹಿಂದೆ. ದಿನಾ ಹೀಗೆ ಓಡಾಡಲು ಆಗುತ್ತಾ? ದೇವನಹಳ್ಳಿ ಕಡೆ ಐದು ಜನ ಒಂದು ರೂಮು ಮಾಡಿಕೊಂಡಿದ್ದಾರೆ. ಒಬ್ಬ ಎದ್ದ ಜಾಗದಲ್ಲಿ ಇನ್ನೊಬ್ಬ ಮಲಗುತ್ತಾನೆ. ಸಂಬಳದ ಒಂದು ಭಾಗ ರೂಮಿಗೆ, ಒಂದು ಭಾಗ ಹೋಟೆಲಿಗೆ. ಊರಲ್ಲಿ ಅವ್ವ ಒಬ್ಬಳೇ. ವಾರಕ್ಕೊಮ್ಮೆ ಮುಖ ತೋರಿಸಿ ಬರುತ್ತಾನೆ.

ಇವನೊಬ್ಬನ ಕಥೆಯಲ್ಲ ಇದು. 2024-25ನೇ ಸಾಲಿನಲ್ಲಿ ಆ ನಿಲ್ದಾಣದ ಮೂಲಕ ಓಡಾಡಿದ ಪ್ರಯಾಣಿಕರು 4 ಕೋಟಿ 18 ಲಕ್ಷಕ್ಕೂ ಹೆಚ್ಚು. ಅಷ್ಟು ಜನರ ಪೆಟ್ಟಿಗೆ ಎತ್ತುವವರು, ಶೌಚಾಲಯ ತೊಳೆಯುವವರು, ನೆಲ ಒರೆಸುವವರು, ಗೇಟು ಕಾಯುವವರು, ಊಟದ ತಟ್ಟೆ ತುಂಬುವವರು ಎಲ್ಲಿಂದ ಬಂದರು? ನಮ್ಮ ಕೇರಿಗಳಿಂದ, ನಮ್ಮ ಹಟ್ಟಿಗಳಿಂದ, ಒಣಭೂಮಿಯ ತಾಲ್ಲೂಕುಗಳಿಂದ ಬಂದರು. ಕೆಲಸಕ್ಕೆ ಕರೆಯುವಾಗ ಹೆಸರು "ಸಿಬ್ಬಂದಿ". ರೈಲಿನ ವೇಳಾಪಟ್ಟಿ ಬರೆಯುವಾಗ ಅವರು ಲೆಕ್ಕಕ್ಕೇ ಇಲ್ಲ.

ಇಲ್ಲಿ ನನಗೆ ಬಾಬಾಸಾಹೇಬರ ಬಾಲ್ಯದ ಒಂದು ಪ್ರಯಾಣ ನೆನಪಾಗುತ್ತೆ. ಅವರೇ "ವೇಟಿಂಗ್ ಫಾರ್ ಎ ವೀಸಾ" ಎಂಬ ಬರಹದಲ್ಲಿ ಹೇಳಿಕೊಂಡಿದ್ದಾರೆ. 1901ನೇ ಇಸವಿ. ಸಾತಾರದಿಂದ ಕೋರೆಗಾಂವಿನಲ್ಲಿದ್ದ ತಂದೆಯ ಹತ್ತಿರ ಹೋಗಲು ಹುಡುಗರು ರೈಲು ಹತ್ತಿದರು. ಒಳ್ಳೇ ಬಟ್ಟೆ ತೊಟ್ಟಿದ್ದರು. ಟಿಕೆಟ್ ಕೊಂಡಿದ್ದರು. ರೈಲು ಯಾರ ಜಾತಿಯನ್ನೂ ಕೇಳದೆ ಮಸೂರು ಸ್ಟೇಷನ್ನಿನವರೆಗೆ ತಂದು ಬಿಟ್ಟಿತು. ಕಷ್ಟ ಶುರುವಾದದ್ದು ಅಲ್ಲಿ ಇಳಿದ ಮೇಲೆ. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಹಾರರ ಮಕ್ಕಳು ಅಂತ ತಿಳಿದ ಕೂಡಲೆ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಹುಡುಗರೇ ಹೊಡೆದುಕೊಂಡು ಹೋಗಬೇಕಾಯಿತು. ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ.

ಇದರಲ್ಲಿ ನಮಗೊಂದು ಪಾಠ ಇದೆ. ಹಳಿ ಇದ್ದ ಮಾತ್ರಕ್ಕೆ ದಾರಿ ಇದೆ ಅಂತಲ್ಲ. ಹಳಿ ಮುಗಿದ ಮೇಲಿನ ಎರಡು ಮೂರು ಮೈಲಿ ಯಾರ ಕೈಲಿದೆ ಅನ್ನೋದು ಮುಖ್ಯ. ಅವತ್ತು ಜಾತಿ ಆ ಮೂರು ಮೈಲಿಯನ್ನು ಮುಚ್ಚಿತು. ಇವತ್ತು ಮುಚ್ಚುವುದು ವೇಳಾಪಟ್ಟಿ, ಟಿಕೆಟ್ ದರ, ಗುತ್ತಿಗೆ. ಹೆಸರು ಬೇರೆ. ಹೊರಗೆ ನಿಂತವನು ಅವನೇ.

ದರದ ಮಾತಾಡೋಣ. ನಿಲ್ದಾಣಕ್ಕೆ ಹೋಗುವ ಏ.ಸಿ. ಬಸ್ಸಿಗೆ ನೂರಾರು ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನಮ್ಮ ಅಕ್ಕತಂಗಿಯರು ಸಾಧಾರಣ ಬಸ್ಸಿನಲ್ಲಿ ಬಿಟ್ಟಿಯಾಗಿ ಓಡಾಡುತ್ತಾರೆ, ಒಳ್ಳೇದು. ಆದರೆ ಏ.ಸಿ. ಬಸ್ಸಿಗೆ ಶಕ್ತಿ ಇಲ್ಲ. ಟರ್ಮಿನಲ್ಲಿನ ನೆಲ ಒರೆಸುವ ಹೆಂಗಸು ಅದೇ ಟರ್ಮಿನಲ್ಲಿನ ಮುಂದೆ ನಿಲ್ಲುವ ಆ ಬಸ್ಸು ಹತ್ತಬೇಕಾದರೆ ದಿನಗೂಲಿಯಲ್ಲಿ ಎಷ್ಟು ಭಾಗ ಕೊಡಬೇಕು ಲೆಕ್ಕ ಹಾಕಿ. ನಿಲ್ದಾಣಕ್ಕೆ ಮೆಟ್ರೋ ದಾರಿಗೆ 2021ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಮೇಲೆ ಹಾದು ನಿಲ್ದಾಣದವರೆಗೆ ಅಂದಾಜು ಖರ್ಚು 14,788 ಕೋಟಿ. ಆದರೆ ಮೆಟ್ರೋದ ದರ ಏನಾಗಿದೆ? 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹೋಗಿ ಬರಲು ಎಷ್ಟಾಯಿತು ಅಂತ ನೀವೇ ನೋಡಿ.

ದೆಹಲಿಯ ಅನುಭವ ನೋಡಿ ಕಲಿಯಬಹುದು. ಅಲ್ಲಿ ಆ ಏರ್‌ಪೋರ್ಟ್ ದಾರಿಯನ್ನು ನಡೆಸಲು ಹಿಡಿದ ಖಾಸಗಿ ಕಂಪನಿ 2013ರಲ್ಲಿ ಕೈಬಿಟ್ಟು ಹೋಯಿತು. ಸರ್ಕಾರಿ ಮೆಟ್ರೋ ಸಂಸ್ಥೆಯೇ ಹೊತ್ತುಕೊಳ್ಳಬೇಕಾಯಿತು. ಅದು ದರ ಇಳಿಸಿತು. ದರ ಇಳಿದ ಮೇಲೆ ಜನ ಹೆಚ್ಚಾದರು. ಪೆಟ್ಟಿಗೆಯವರಷ್ಟೇ ಅಲ್ಲ, ದಿನಾ ಕೆಲಸಕ್ಕೆ ಹೋಗುವವರೂ ಹತ್ತಿದರು. ರೈಲು ಬದುಕುವುದು ತಿಂಗಳಿಗೊಮ್ಮೆ ಪೆಟ್ಟಿಗೆ ಹಿಡಿದು ಬರುವವನಿಂದಲ್ಲ, ತಿಂಗಳ ಮೂವತ್ತು ದಿನವೂ ಡಬ್ಬಿ ಹಿಡಿದು ಬರುವವನಿಂದ.

ಇನ್ನು ಕೆಲಸದ ಮಾತು. ಇದು ಹಾಸ್ಟೆಲಿನ ನಿಮಗೆ ಎಲ್ಲಕ್ಕಿಂತ ಮುಖ್ಯ. 2008ರಲ್ಲಿ ಎರಡು ಸಂಗತಿ ನಡೆದವು. ಆ ವರ್ಷದ ರೈಲ್ವೆ ಬಜೆಟ್ಟಿನಲ್ಲಿ ಆಗಿನ ಮಂತ್ರಿ ಲಾಲೂ ಪ್ರಸಾದ್, ಸ್ಟೇಷನ್ನುಗಳಲ್ಲಿ ಕೆಂಪು ಅಂಗಿ ತೊಟ್ಟು ಹೊರೆ ಹೊರುತ್ತಿದ್ದ ಲೈಸೆನ್ಸ್ ಕೂಲಿಗಳನ್ನು ಗ್ಯಾಂಗ್‌ಮನ್ ಮುಂತಾದ ಗ್ರೂಪ್ ಡಿ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ಸಾವಿರಾರು ಜನ ಹಾಗೆ ಸೇರಿದರು ಕೂಡ. ತಲೆ ಮೇಲೆ ಹೊರೆ ಹೊತ್ತವನು ಸಂಬಳ, ರಜೆ, ಪಾಸು ಇರುವ ನೌಕರನಾದ. ಅದೇ ವರ್ಷ ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ತೆರೆಯಿತು. ಅಲ್ಲಿ ಹೊರೆ ಹೊರುವವನು ಗುತ್ತಿಗೆಯವನಾಗಿ ಹುಟ್ಟಿದ, ಗುತ್ತಿಗೆಯವನಾಗೇ ಉಳಿದ. ಒಂದು ಕಡೆ ಹೊರೆಯವನು ಮೇಲೆ ಬಂದ, ಇನ್ನೊಂದು ಕಡೆ ಹೊಸ ಹೊರೆಯವನನ್ನು ತಯಾರು ಮಾಡಿದರು.

ರೈಲ್ವೆಯಲ್ಲಿ ಮೀಸಲಾತಿ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಸಂಬಳ ಬಂದದ್ದು ರೈಲ್ವೆಯಿಂದ. ಏರ್ ಇಂಡಿಯಾ ಸರ್ಕಾರದ್ದಾಗಿದ್ದಾಗ ಅಲ್ಲೂ ಮೀಸಲಾತಿ ಇತ್ತು. 2022ರ ಜನವರಿಯಲ್ಲಿ ಅದು ಟಾಟಾ ಕೈಗೆ ಹೋಯಿತು, ಮೀಸಲಾತಿಯ ಬಾಗಿಲೂ ಮುಚ್ಚಿತು. ಬೆಂಗಳೂರು ವಿಮಾನ ನಿಲ್ದಾಣದ ಕಂಪನಿಯಲ್ಲಿ ಕೇಂದ್ರದ ಸಂಸ್ಥೆಯದು 13 ಪಾಲು, ರಾಜ್ಯದ ಸಂಸ್ಥೆಯದು 13 ಪಾಲು. ನೂರಕ್ಕೆ 26 ಸರ್ಕಾರದ್ದು. ನಿಲ್ದಾಣ ನಿಂತ ನೆಲವೂ ಜನರದ್ದು. ಆದರೆ ಮೀಸಲಾತಿ ಕೇಳಿದರೆ "ಇದು ಖಾಸಗಿ" ಅನ್ನುತ್ತಾರೆ. ನೆಲ ಕೇಳುವಾಗ ಸಾರ್ವಜನಿಕ ಉದ್ದೇಶ, ಕೆಲಸ ಕೊಡುವಾಗ ಖಾಸಗಿ ವ್ಯವಹಾರ. ಈ ಎರಡು ನಾಲಿಗೆಯನ್ನು ನಾವು ಕೇಳಬೇಡವೇ?

ಆದ್ದರಿಂದ ನಾಳೆ ತುಮಕೂರು ಸ್ಟೇಷನ್ನಿನಲ್ಲಿ ಪೆಟ್ಟಿಗೆ ಇಸಿದುಕೊಳ್ಳುವ ಕೌಂಟರು ಬಂದರೆ ಆ ಕೌಂಟರು ಯಾರದು ಅನ್ನೋದು ಪ್ರಶ್ನೆ. ರೈಲ್ವೆಯದಾದರೆ ಅಲ್ಲಿ ನಿಮಗೆ ಜಾಗ ಇದೆ. ಗುತ್ತಿಗೆಯದಾದರೆ ಕೌಂಟರಿನ ಒಳಗೆ ಇಂಗ್ಲಿಷ್ ಬಲ್ಲ ಪೇಟೆ ಹುಡುಗ, ಹೊರಗೆ ಪೆಟ್ಟಿಗೆ ಎತ್ತಲು ಬಿ.ಎ. ಪಾಸಾದ ನಮ್ಮ ಹುಡುಗ.

ಇದೆಲ್ಲ ಬೆಂಗಳೂರಿನವರ ವಿಷಯ, ನಮಗ್ಯಾಕೆ ಅನ್ನಬೇಡಿ. ವಿಮಾನ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಕುಣಿಗಲ್ ಕಡೆಗೆ ಬನ್ನಿ. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕಂತೆ. ಮೊದಲನೆಯ ನಿಲ್ದಾಣದ ಒಪ್ಪಂದದ ಪ್ರಕಾರ ಸುತ್ತ 150 ಕಿ.ಮೀ. ಒಳಗೆ 2033ರವರೆಗೆ ಇನ್ನೊಂದು ಬರುವ ಹಾಗಿಲ್ಲ. ಆದರೂ ಈಗಲೇ ಜಾಗ ಹುಡುಕುತ್ತಿದ್ದಾರೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರು ಜಾಗ ನೋಡಿಹೋಯಿತು. ಎರಡು ಕನಕಪುರ ರಸ್ತೆಯಲ್ಲಿ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. ತುಮಕೂರಿಗೆ ಮೆಟ್ರೋ ತರುವುದಕ್ಕೆ ಸಾಧ್ಯತಾ ವರದಿ ಮಾಡಿಸುತ್ತೇವೆ ಅಂತ 2024ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದರು. ಅದೇ ವರ್ಷ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದೂ ಆಯಿತು.

ಮೆಟ್ರೋ ಬರಲಿ, ಬೇಡ ಅನ್ನೋರು ನಾವಲ್ಲ. ಆದರೆ ತುಮಕೂರಿಗೆ ಬೆಂಗಳೂರಿನಿಂದ ರೈಲು ಬಂದು 140 ವರ್ಷವಾಯಿತು. ಜೋಡಿ ಹಳಿ ಇದೆ, ಮೇಲೆ ಕರೆಂಟಿನ ತಂತಿ ಇದೆ. ಕುಣಿಗಲ್‌ಗೆ 2017ರಲ್ಲಿ ಹಾಸನದ ದಾರಿ ತೆರೆದು ರೈಲು ಬಂತು. ಆ ದಾರಿಯೂ ಚಿಕ್ಕಬಾಣಾವರದಲ್ಲಿ ನಮ್ಮ ತುಮಕೂರು ದಾರಿಗೇ ಕೂಡಿಕೊಳ್ಳುತ್ತೆ. ಗುಬ್ಬಿ, ತುಮಕೂರು, ಕುಣಿಗಲ್ ಮೂರೂ ಕಡೆಯ ಜನ ಬಂದು ಸೇರುವುದು ಯಶವಂತಪುರಕ್ಕೆ. ಯಶವಂತಪುರದಿಂದ ಯಲಹಂಕ, ಯಲಹಂಕದಿಂದ ವಿಮಾನ ನಿಲ್ದಾಣದ ಹಾಲ್ಟು. ಹಳಿ ಎಲ್ಲ ಕಡೆ ಕೂಡಿಕೊಂಡೇ ಇದೆ. ಕೂಡದಿರುವುದು ರೈಲಿನ ಹೊತ್ತು ಮಾತ್ರ. ಮೆಮು ರೈಲಿಗೆ ಎರಡು ತುದಿಯಲ್ಲೂ ಚಾಲಕನ ಕೋಣೆ ಇರುತ್ತೆ, ಇಂಜಿನ್ ಬಿಚ್ಚಿ ತಿರುಗಿಸುವ ರಗಳೆಯೂ ಇಲ್ಲ. ಬೆಂಗಳೂರಿನ ಉಪನಗರ ರೈಲಿಗೆ 2022ರ ಜೂನ್ 20ರಂದು ಅಡಿಗಲ್ಲು ಹಾಕಿದರು. ಅದರ ಪಟ್ಟಿಯಲ್ಲಿ ಮೊದಲನೆಯದೇ ದೇವನಹಳ್ಳಿಯ ದಾರಿ, ಆದರೆ ಕೆಲಸ ಮೊದಲು ಹಿಡಿದದ್ದು ಬೇರೆ ದಾರಿಗಳದ್ದು. ಅದಕ್ಕೆ ಕಾಯುತ್ತ ಕೂತರೆ ನಮ್ಮ ಗುಬ್ಬಿ ಹುಡುಗನಿಗೆ ಮೊಮ್ಮಕ್ಕಳಾಗುತ್ತಾರೆ.

ಒಂದು ಮಾತು ನೆಲದ ಬಗ್ಗೆ. ವಿಮಾನ ಬರುವ ಮೊದಲು ಸರ್ವೆಯವನು ಬರುತ್ತಾನೆ, ರೈಲು ಬರುವ ಮೊದಲು ಕಲ್ಲು ನೆಡುತ್ತಾರೆ. ಪಹಣಿ ಇದ್ದವನಿಗೆ ಪರಿಹಾರ. ತಾತನ ಕಾಲದಿಂದ ಬಗರ್‌ಹುಕುಂ ಉಳುತ್ತಿದ್ದವನಿಗೆ ಏನು? ಗ್ರ್ಯಾಂಟ್ ಆದ ಜಮೀನಿನ ಕಾಗದ ಯಾರ ಪೆಟ್ಟಿಗೆಯಲ್ಲಿದೆ? ಕುಣಿಗಲ್ ರಸ್ತೆಯ ಎರಡೂ ಬದಿಯ ನಮ್ಮ ಹಳ್ಳಿಯ ಹುಡುಗರು ರಜೆಗೆ ಊರಿಗೆ ಹೋದಾಗ ಮಾಡಬೇಕಾದ ಮೊದಲ ಕೆಲಸ ಅಪ್ಪನ ಟ್ರಂಕು ತೆಗೆದು ಸಾಗುವಳಿ ಚೀಟಿ, ಪಹಣಿ ನೋಡುವುದು. ಹೆದರಬೇಕಾಗಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳಲ್ಲಿ ವಿಮಾನ ಮತ್ತು ರಕ್ಷಣಾ ಉದ್ಯಮಕ್ಕೆ 1,777 ಎಕರೆ ಹಿಡಿಯಲು ಹೊರಟಿದ್ದರು. 2022ರ ಏಪ್ರಿಲ್‌ನಿಂದ ಸಾವಿರ ದಿನಕ್ಕೂ ಮೀರಿ ರೈತರು ಧರಣಿ ಕೂತರು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಜೊತೆಗೆ ನಿಂತವು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಿದರು. ಕೂತರೆ ಆಗುತ್ತೆ. ಒಟ್ಟಾಗಿ ಕೂತರೆ ಆಗುತ್ತೆ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು: "ಅಣ್ಣಾ, ಹಂಗಾದ್ರೆ ನಾವು ಬರೀ ಪೆಟ್ಟಿಗೆ ಹೊರೋರೇನಾ? ನಾವೂ ಪ್ಲೇನ್ ಹತ್ತಬಾರದಾ?" ಖಂಡಿತ ಹತ್ತಬೇಕು ಕಣ್ರಪ್ಪಾ. 1913ರಲ್ಲಿ ಬಾಬಾಸಾಹೇಬರು ಹಡಗು ಹತ್ತಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋಗದಿದ್ದರೆ ನಮ್ಮ ಕಥೆ ಏನಾಗಿರುತ್ತಿತ್ತು? ಇವತ್ತು ರಾಜ್ಯದ ಪ್ರಬುದ್ಧ ವಿದ್ಯಾರ್ಥಿವೇತನ ಇದೆ, ಕೇಂದ್ರದ ಓವರ್‌ಸೀಸ್ ವಿದ್ಯಾರ್ಥಿವೇತನ ಇದೆ. ಹಾಸ್ಟೆಲಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮಲ್ಲೊಬ್ಬಳು ನಾಳೆ ಲಂಡನ್ನಿಗೆ ಓದಲು ಹೋಗುತ್ತಾಳೆ. ಅವಳ ಅಪ್ಪನಿಗೆ ಬಾಡಿಗೆ ಕಾರು ಮಾಡುವ ತಾಕತ್ತಿಲ್ಲ. ಅವಳಿಗೆ ಗುಬ್ಬಿಯಲ್ಲೇ ರೈಲು ಹತ್ತಿ ವಿಮಾನದ ಬಾಗಿಲಲ್ಲಿ ಇಳಿಯುವಂತಿರಬೇಕು. ತುಮಕೂರಲ್ಲೇ ಪೆಟ್ಟಿಗೆ ಕೊಟ್ಟು, ಅವ್ವನ ಕೈ ಹಿಡಿದು ಬರಿಗೈಯಲ್ಲಿ ಪ್ಲಾಟ್‌ಫಾರಂ ಮೇಲೆ ನಿಲ್ಲುವಂತಿರಬೇಕು. ಆ ಬೆಂಚಿನ ಹಿರಿಯರು ಕೇಳಿದ್ದು ತಪ್ಪಲ್ಲ. ಅರ್ಧ ಕೇಳಿದರು ಅಷ್ಟೇ. ಉಳಿದರ್ಧ ನಾವು ಕೇಳಬೇಕು.

ನಾವು ಕೇಳಬೇಕಾದ್ದು ಇವು:

ಒಂದು: ಗುಬ್ಬಿಯಿಂದ ತುಮಕೂರು, ಯಶವಂತಪುರ, ಯಲಹಂಕದ ಮೇಲೆ ವಿಮಾನ ನಿಲ್ದಾಣದ ಹಾಲ್ಟಿಗೆ ಬದಲಿಸದೆ ಹೋಗುವ ಮೆಮು ರೈಲು. ಪಾಳಿ ಶುರುವಾಗುವ ಹೊತ್ತಿಗೆ ಮುಟ್ಟಬೇಕು, ಪಾಳಿ ಬಿಡುವ ಹೊತ್ತಿಗೆ ಹೊರಡಬೇಕು. ಕುಣಿಗಲ್ ಕಡೆಯ ರೈಲಿಗೆ ಇದು ಯಶವಂತಪುರದಲ್ಲಿ ಸಿಗಬೇಕು.

ಎರಡು: ಹಾಲ್ಟ್ ಸ್ಟೇಷನ್ನಿಗೆ ಬರುವ ಪ್ರತಿ ರೈಲಿಗೂ ಟರ್ಮಿನಲ್ಲಿಗೆ ಬಸ್ಸು, ರಾತ್ರಿಯ ರೈಲಿಗೂ. ಹೆಣ್ಣುಮಕ್ಕಳು ಪಾಳಿ ಮುಗಿಸಿ ಬರುವ ಆ ಪ್ಲಾಟ್‌ಫಾರಂನಲ್ಲಿ ದೀಪ, ನೀರು, ಶೌಚಾಲಯ, ಕಾವಲು.

ಮೂರು: ಅಗ್ಗದ ಮಂತ್ಲಿ ಪಾಸು. 2009ರಲ್ಲಿ ಮಮತಾ ಬ್ಯಾನರ್ಜಿ ರೈಲ್ವೆ ಮಂತ್ರಿಯಾಗಿದ್ದಾಗ ಅಸಂಘಟಿತ ಕೆಲಸಗಾರರಿಗೆ "ಇಜ್ಜತ್" ಅಂತ 25 ರೂಪಾಯಿಯ ತಿಂಗಳ ಪಾಸು ತಂದರು, 100 ಕಿ.ಮೀ.ವರೆಗೆ. ಇಜ್ಜತ್ ಅಂದರೆ ಮರ್ಯಾದೆ. ಆದರೆ ಅದಕ್ಕೆ ತಿಂಗಳ ಆದಾಯ 1,500 ರೂಪಾಯಿ ಮೀರಬಾರದು ಅಂತ ಮಿತಿ ಇಟ್ಟರು. ಇವತ್ತು ಕಸ ಗುಡಿಸುವವರ ಕೂಲಿಯೂ ಅದನ್ನು ಮೀರುತ್ತೆ. ಆ ಮಿತಿಯನ್ನು ಇಂದಿನ ಕೂಲಿಗೆ ತಕ್ಕಂತೆ ಏರಿಸಬೇಕು. ಕೊರೋನಾ ಕಾಲದಲ್ಲಿ 30 ರೂಪಾಯಿಗೆ ಏರಿಸಿದ್ದ ಪ್ಯಾಸೆಂಜರ್ ರೈಲಿನ ಕನಿಷ್ಠ ದರವನ್ನು 2024ರಲ್ಲಿ 10ಕ್ಕೆ ಇಳಿಸಿದರಲ್ಲ, ಮನಸ್ಸಿದ್ದರೆ ಆಗುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ.

ನಾಲ್ಕು: ಸ್ಟೇಷನ್ನಿಗೆ ಚೆಕ್-ಇನ್ ಕೌಂಟರು ಬಂದರೆ ಅಲ್ಲಿಯ ಕೆಲಸ ರೈಲ್ವೆಯ ಖಾಯಂ ಕೆಲಸವಾಗಬೇಕು, ಮೀಸಲಾತಿ ಇರಬೇಕು. ಕೌಂಟರಿನ ಒಳಗೂ, ಹೊರಗೂ.

ಇದನ್ನು ಯಾರು ಕೇಳಬೇಕು? ನೀವೇ. ತುಮಕೂರಿನ ಸಂಸದರು ವಿ. ಸೋಮಣ್ಣನವರು 2024ರ ಜೂನ್‌ನಲ್ಲಿ ರೈಲ್ವೆ ರಾಜ್ಯ ಮಂತ್ರಿಯಾದರು. ಕೇಳಲು ಇದಕ್ಕಿಂತ ಹತ್ತಿರದ ಬಾಗಿಲು ಸಿಗುತ್ತಾ? ಆದರೆ ಬರಿಗೈಯಲ್ಲಿ ಹೋಗಬೇಡಿ. ಲೆಕ್ಕ ಹಿಡಿದು ಹೋಗಿ. ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡಿ. ನಮ್ಮ ಹಾಸ್ಟೆಲಿನಲ್ಲಿ ಓದಿದವರು, ನಮ್ಮ ಕೇರಿಯವರು, ಯಾರ್ಯಾರು ವಿಮಾನ ನಿಲ್ದಾಣದಲ್ಲಿ ದುಡಿಯುತ್ತಾರೆ? ಯಾವ ಪಾಳಿ? ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಎಷ್ಟು ಹೊತ್ತಿಗೆ ಮುಟ್ಟುತ್ತಾರೆ, ದಾರಿಗೆ ಎಷ್ಟು ದುಡ್ಡು ಸುರಿಯುತ್ತಾರೆ? ಹೆಸರು ಬೇಡ, ಊರು ಮತ್ತು ಹೊತ್ತು ಸಾಕು. ಹತ್ತು ಹಾಸ್ಟೆಲಿನ ಹತ್ತು ನೋಟ್‌ಬುಕ್ ಒಟ್ಟಿಗೆ ಇಟ್ಟರೆ ಅದು ಯಾವ ಕನ್ಸಲ್ಟೆಂಟನ ವರದಿಗೂ ಕಮ್ಮಿಯಲ್ಲ. ದೊಡ್ಡ ಯೋಜನೆಯವರು ಲೆಕ್ಕ ಹಾಕುವುದು ಟಿಕೆಟ್ ಕೊಳ್ಳುವವರನ್ನು. ನಾವು ಲೆಕ್ಕ ಹಾಕಬೇಕಾದ್ದು ಪಾಳಿಗೆ ಓಡುವವರನ್ನು.

ಅವತ್ತು ಬೆಂಚಿನ ಮೇಲೆ ಮಾತು ಮುಗಿಯುವ ಮುಂಚೆ ಗುಬ್ಬಿಯ ರೈಲು ಬಂತು. ಹುಡುಗ ಎದ್ದ. ಹಿರಿಯರ ಹತ್ತಿರ ಒಂದು ದೊಡ್ಡ ಚೀಲ ಇತ್ತು. ಅವರೂ ಅದೇ ರೈಲಿಗೆ. ಅವರು ಇವನ ಕಡೆ ನೋಡಿ "ಸ್ವಲ್ಪ ಎತ್ತಿಕೊಡಪ್ಪಾ" ಅಂದರು. ರಾತ್ರಿಯೆಲ್ಲ ಪೆಟ್ಟಿಗೆ ಎತ್ತಿದ ಕೈ. ಎತ್ತಿಕೊಟ್ಟ. ವಯಸ್ಸಾದವರು, ಎತ್ತಿಕೊಡಬೇಕಾದ್ದೇ. ಆದರೆ ಹತ್ತುವಾಗ ಅವರಿಗೆ ಹೇಳಿದ: "ಸಾರ್, ಪೆಟ್ಟಿಗೆಗೆ ರೈಲು ಕೇಳೋ ಅರ್ಜಿ ಬರೀತೀರಲ್ಲ, ಅದರಾಗೆ ನಂದೂ ಒಂದು ಸಾಲು ಸೇರಿಸಿ."

ಆ ಒಂದು ಸಾಲನ್ನು ಅವರು ಬರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ನಾವಂತೂ ಬರೆಯೋಣ.

ಜೈ ಭೀಮ್.